ಸಿದ್ದಲಿಂಗೇಶನ ಲೆನ್ಸು

ವಿಜಯಪುರದ ಜೋರಾಪುರ ಪೇಟೆಯ ಫೋಟೊ ಸ್ಟುಡಿಯೊ ಇದ್ದದ್ದು ಪರಮೇಶ್ವರನ ಹೆಸರಿನಲ್ಲಿ. ಆದರೆ ಈಚೆಗೆ ಬಂದವರೆಲ್ಲ ಕೇಳುತ್ತಿದ್ದುದು ಅವನ ಹೆಂಡತಿ ಮಾಲಾಳನ್ನು. ಮದುವೆಯಾದ ಹೊಸದರಲ್ಲಿ ಅವಳಿಗೆ ಕ್ಯಾಮೆರಾ ಹಿಡಿಯಲು ಕಲಿಸಿದವನು ಅವನೇ. ಈಗ ಬಬಲೇಶ್ವರದ ಕಡೆಯವರು ಫೋನು ಮಾಡಿದರೆ, ಅಕ್ಕಾರು ಬರುತ್ತಾರಲ್ಲ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಅವನು ನಗುತ್ತಲೇ ಹೂಂ ಅನ್ನುತ್ತಿದ್ದ. ಫೋನಿಟ್ಟ ಮೇಲೆ ದಿನವಿಡೀ ಮುಖ ಗಂಟು ಹಾಕಿಕೊಂಡಿರುತ್ತಿದ್ದ.

ನಿಡೋಣಿಯ ಮದುವೆಗೆ ಮಾಲಾ ಒಬ್ಬಳೇ ಹೋಗಿದ್ದಳು. ಹೆಣ್ಣಿನ ಕಡೆಯ ಫೋಟೊ ಅವಳದು, ಗಂಡಿನ ಕಡೆಯದು ಸ್ಟೇಷನ್ ರಸ್ತೆಯಲ್ಲಿ ಸ್ಟುಡಿಯೊ ಇಟ್ಟಿದ್ದ ಸಿದ್ದಲಿಂಗೇಶನದು. ಮರುದಿನ ಪರಮೇಶ್ವರ ಅವಳ ಫೋಟೊಗಳನ್ನು ಮನೆಯ ಕಂಪ್ಯೂಟರಿನಲ್ಲಿ ತಿದ್ದಲು ಕೂತ. ಅರಿಸಿನ ಹಚ್ಚಿಸಿಕೊಳ್ಳುತ್ತಿದ್ದ ಮದುಮಗಳು ಇದ್ದಕ್ಕಿದ್ದಂತೆ ತನ್ನ ಅವ್ವನ ಕಡೆ ತಿರುಗಿದ ಒಂದು ಫೋಟೊ ಇತ್ತು. ನೋಡುತ್ತಿದ್ದಂತೆ ಅವನ ಹೊಟ್ಟೆಗೆ ಕಿಚ್ಚು ಬಿದ್ದಂತಾಯಿತು. ಇಷ್ಟು ವರ್ಷದಲ್ಲಿ ಇಂಥದೊಂದು ಅವನ ಕೈಯಿಂದ ಬಂದಿರಲಿಲ್ಲ.

ಲೆನ್ಸಿನಿಂದಾಗುವ ಅಂಕುಡೊಂಕು ಸರಿಪಡಿಸುವ ಗುಂಡಿ ಒತ್ತಿದ. ಫೋಟೊದ ಜೊತೆಗೇ ಕ್ಯಾಮೆರಾ ಬರೆದಿಟ್ಟ ಮಾಹಿತಿಯನ್ನು ಓದಿ, ಅದನ್ನು ಯಾವ ಲೆನ್ಸಿನಿಂದ ತೆಗೆದದ್ದೆಂದು ಸಾಫ್ಟ್‌ವೇರು ತಾನೇ ಗುರುತಿಸುತ್ತದೆ. ಅದು ತೋರಿಸಿದ ಹೆಸರನ್ನು ಅವನು ಎರಡು ಸಲ ಓದಿದ. ಮಾಲಾಳ ಬಳಿ ಇದ್ದದ್ದು ಈ ಮದುವೆಗೆಂದು ಅವಳೇ ಹುಡುಕಿ ತಂದ ಬೇರೊಂದು ಕಂಪನಿಯ ಹಳೆಯ ಝೂಮ್ ಲೆನ್ಸು. ಅವನು ಅದನ್ನು ಮುಟ್ಟಿಯೂ ನೋಡಿರಲಿಲ್ಲ. ಪರದೆಯ ಮೇಲೆ ಬಂದದ್ದು ಭಾರಿ ತುಟ್ಟಿ ಲೆನ್ಸಿನ ಹೆಸರು. ಅವನಿಗೆ ಗೊತ್ತಿದ್ದ ಮಟ್ಟಿಗೆ ವಿಜಯಪುರದಲ್ಲಿ ಅದು ಸಿದ್ದಲಿಂಗೇಶನ ಹತ್ತಿರ ಮಾತ್ರ ಇತ್ತು.

ಅದಕ್ಕೇ ಫೋಟೊ ಹೀಗೆ ಬಂದಿದೆ ಎಂದು ಮೊದಲು ಸಮಾಧಾನವೇ ಆಯಿತು. ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಅಂಥ ಸಾಮಾನನ್ನು ಯಾರಾದರೂ ಸುಮ್ಮನೆ ಬಿಚ್ಚಿ ಕೊಡುತ್ತಾರೆಯೇ? ಅವನು ಲೆನ್ಸು ಕೊಟ್ಟದ್ದು, ಇವಳು ನಕ್ಕು ಇಸಿದುಕೊಂಡದ್ದು, ಎಲ್ಲ ತಾನೇ ಅಲ್ಲಿ ನಿಂತು ನೋಡಿದಂತೆ ಕಣ್ಣಮುಂದೆ ಬಂತು. ಮಾಲಾ ಊಟಕ್ಕೆ ಕರೆದಳು. ಹಸಿವಿಲ್ಲವೆಂದ. ಅವಳನ್ನೇ ಕೇಳಬಹುದಿತ್ತು, ಕೇಳಲಿಲ್ಲ. ಕಳ್ಳಕವಟಗಿಯಲ್ಲಿ ಬಸುರಿ ಮಗಳಿಗೆ ಕುಬುಸದ ಕಾರ್ಯ ಇಟ್ಟುಕೊಂಡಿದ್ದವರಿಗೆ ಫೋನು ಮಾಡಿ, ಅವಳು ಬರುವುದಿಲ್ಲ, ತಾನೇ ಬರುತ್ತೇನೆ ಎಂದು ಹೇಳಿ ಸೀದಾ ಸಿದ್ದಲಿಂಗೇಶನ ಸ್ಟುಡಿಯೊಗೆ ಹೋದ.

"ನಿಡೋಣ್ಯಾಗ ನಮ್ಮಾಕಿಗೆ ನಿನ್ನ ಲೆನ್ಸ್ ಯಾಕ ಕೊಟ್ಟಿ?" ಎಂದು ನಿಂತಲ್ಲೇ ಕೇಳಿದ.

ಸಿದ್ದಲಿಂಗೇಶ ಮೆಲ್ಲಗೆ ಹೇಳಿದ: "ಆ ಲೆನ್ಸ್ ರಿಪೇರಿಗೆ ಪುಣೆಕ್ಕ ಹೋಗಿ ತಿಂಗಳ ಮ್ಯಾಲಾತು, ಪರಮೇಶಣ್ಣ. ನಾನ ಅದಿಲ್ಲದ ಒದ್ದಾಡಾಕತ್ತೇನಿ. ಮನಿಗೆ ಹೋಗು."

ಮನೆಗೆ ಬಂದವನೇ ಪರಮೇಶ್ವರ ಮಾಲಾಳ ಚೀಲದಿಂದ ಹಳೆಯ ಲೆನ್ಸು ತೆಗೆದು, ಬಾಗಿಲ ಚೌಕಟ್ಟಿನ ಫೋಟೊ ಹೊಡೆದು ಕಂಪ್ಯೂಟರಿಗೆ ಹಾಕಿದ. ಅದೇ ತುಟ್ಟಿ ಲೆನ್ಸಿನ ಹೆಸರು ಬಂತು. ಗುಂಡಿ ಒತ್ತಿದರೆ ಚೌಕಟ್ಟು ನೆಟ್ಟಗಾಗುವ ಬದಲು ಇನ್ನಷ್ಟು ಬಾಗಿತು. ಹುಡುಕಿ ಓದಿದ ಮೇಲೆ ತಿಳಿಯಿತು: ಅವರ ಕ್ಯಾಮೆರಾ ಲೆನ್ಸಿನ ಹೆಸರು ಬರೆಯುತ್ತಿರಲಿಲ್ಲ, ನಂಬರು ಮಾತ್ರ ಬರೆಯುತ್ತಿತ್ತು. ಆ ತುಟ್ಟಿ ಲೆನ್ಸಿನ ನಂಬರನ್ನೇ ಮಾಲಾಳ ಹಳೆಯ ಲೆನ್ಸಿನ ಕಂಪನಿಯವರೂ ತಮ್ಮದಕ್ಕೆ ಇಟ್ಟುಕೊಂಡಿದ್ದರು. ಝೂಮಿನ ಅಳತೆಯೂ ಒಂದೇ ಆದ್ದರಿಂದ ಸಾಫ್ಟ್‌ವೇರು ತನಗೆ ಗೊತ್ತಿದ್ದ ಹೆಸರು ಹಾಕಿ ಕೈತೊಳೆದುಕೊಂಡಿತ್ತು.

ಅಷ್ಟರಲ್ಲಿ ಮಾಲಾ ಬಂದಳು. ಕಳ್ಳಕವಟಗಿಯವರು ನೀವೇ ಬರಬೇಕೆಂದು ಅವಳಿಗೇ ಫೋನು ಮಾಡಿದ್ದರು. ಅವನು ಏನನ್ನೂ ಮುಚ್ಚಿಡದೆ ಹೇಳಿದ.

"ಊರ ಮಂದೀನ ಕೇಳೂ ಬದಲಿ, ಒಳಗ ಇದ್ದ ನನ್ನ ಕೇಳಬಾರದಾಗಿತ್ತೇನ್ರಿ?" ಎಂದಳು. ಅವಳ ದನಿ ಏರಲಿಲ್ಲ. ಅದೇ ಅವನಿಗೆ ಹೆಚ್ಚು ತಾಗಿತು. ಎರಡು ದಿನ ಅವಳು ಬೇಕಾದ್ದಕ್ಕಷ್ಟೇ ಮಾತಾಡಿದಳು. ಕುಬುಸದ ದಿನ ತಾನೂ ಬರಲೇ ಎಂದು ಅವನು ಕೇಳಿದಾಗ, ಲೈಟು ಹಿಡಿಯಲು ಒಬ್ಬರು ಬೇಕು ಎಂದಳು.

ಇಬ್ಬರೂ ತಿಕೋಟಾ ದಾಟಿ ಕಳ್ಳಕವಟಗಿಗೆ ಹೋದರು. ಅಲ್ಲಿ ಬಸುರಿಗೆ ಹಸಿರು ಬಳೆ ಇಡಿಸುವಾಗ ಅವಳ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಪರಮೇಶ್ವರ ಬಳೆಗಳನ್ನೇ ನೋಡುತ್ತಿದ್ದ. ಅವನು ಅಜ್ಜಿಯ ಕಡೆ ತಿರುಗುವ ಮೊದಲೇ ಮಾಲಾ ಫೋಟೊ ತೆಗೆದಾಗಿತ್ತು. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಅದನ್ನು ಕಂಡಾಗ ಹಳೆಯ ಕಿಚ್ಚು ಮತ್ತೆ ಎದ್ದಿತು. ಸಿದ್ದಲಿಂಗೇಶನ ಮೇಲಿನ ಸಂಶಯ ಹೋಗಿತ್ತು, ಇದು ಹೋಗಿರಲಿಲ್ಲ. ಈಗ ದೂರಲು ಲೆನ್ಸೂ ಇರಲಿಲ್ಲ.

"ಸ್ವಲ್ಪ ಎಡಕ್ಕ ಹಿಡೀರಿ," ಎಂದಳು ಮಾಲಾ, ತಿರುಗಿ ನೋಡದೆ.

ಅವನು ಲೈಟನ್ನು ಎಡಕ್ಕೆ ಹಿಡಿದ.