ಸಿಮೆಯೋನನ ಕೋಟು

ಮತ್ತೆ ಯಾರೋ ಸೀನಿದರು, ಎಡಗಡೆ ಹೆಣ್ಣುಮಕ್ಕಳ ಸಾಲಿನಲ್ಲಿ, ಅದೂ ಮಾತೆ ಮರಿಯಳ ಹಾಡು ದೀನರನ್ನು ಮೇಲಕ್ಕೆತ್ತುವ ಕಡೆಗೆ ಬಂದಾಗಲೇ — ಸೀನಲು ಇವರಿಗೆ ಬೇರೆ ಹೊತ್ತು ಸಿಗಲಿಲ್ಲವೇ, ಎಂದುಕೊಂಡು ದೇವಪುತ್ರಪ್ಪ ಹಿಂದಿನ ಸಾಲಿನಿಂದ ತನ್ನ ದಪ್ಪ ದನಿ ಸೇರಿಸಿದ, ಇದು ಮುಗಿದರೆ ಸಿಮೆಯೋನನ ಹಾಡು, ಅದರ ಮೊದಲ ಸಾಲು ಅವನೊಬ್ಬನದೇ, ರಾಣೆಬೆನ್ನೂರಿನ ಈ ಚರ್ಚಿನ ಕ್ವಾಯರಿನಲ್ಲಿ ಹನ್ನೊಂದು ವರ್ಷ ಕಂಬದ ಹಿಂದೆ ನಿಂತು ಹೂಂಗುಟ್ಟಿದವನಿಗೆ ಹಾಡು ಕಲಿಸುವ ಪುಷ್ಪಲತಾ ಟೀಚರು ಈ ವರ್ಷ ತಾವಾಗಿಯೇ ಕೊಟ್ಟದ್ದು, ಮರಿಯಳ ಕೂಸನ್ನು ಎತ್ತಿಕೊಂಡ ಮುದುಕ ಸಿಮೆಯೋನ, ಒಡೆಯನೇ ನನ್ನ ಕಣ್ಣು ತುಂಬಿತು, ಇನ್ನು ನನ್ನನ್ನು ನೆಮ್ಮದಿಯಿಂದ ಕಳಿಸು ಎನ್ನುತ್ತಾನೆ, ಇಷ್ಟೇ, ಆದರೆ ಆ ಇಷ್ಟು ದೇವಪುತ್ರಪ್ಪನಿಗೆ ಬೇಕೇ ಬೇಕಾಗಿತ್ತು. ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ತೂಗುವಾಗಲೂ ಅದನ್ನೇ ಹಾಡುತ್ತಿದ್ದ, ಯಾರನ್ನ ಕಳಸಬೇಕೋ ದೇವಪುತ್ರ, ಮೊದಲ ಈ ಲಾರಿ ಕಳಸು, ಎನ್ನುತ್ತಿದ್ದ ಜೊತೆಗಾರ ಶಾಬುದ್ದೀನ, ಇವತ್ತು ಅಂಗಡಿಯಿಂದ ಸೀದಾ ಚರ್ಚಿಗೇ ಬರಬೇಕಿತ್ತು, ಅದಕ್ಕೇ ಇಸ್ತ್ರಿಯಾದ ಕರಿ ಕೋಟನ್ನು ಬೆಳಿಗ್ಗೆಯೇ ಒಯ್ದು ಗೋದಾಮಿನ ಮೊಳೆಗೆ ತೂಗುಹಾಕಿದ್ದ, ಕೆಳಗೆ ಮೆಣಸಿನಕಾಯಿಯ ಕೆಂಪು ರಾಶಿ, ಮೇಲೆ ಕರಿ ಕೋಟು, ನೋಡಲು ಚೆಂದವೇ ಇತ್ತು.

ಕೋಟಿಗೆ ಏನು ಮರ್ಯಾದೆ — ಬರುವಾಗ ಬಸ್ಸಿನಲ್ಲಿ ಪಕ್ಕದವನು ಎದ್ದು ಜಾಗ ಬಿಟ್ಟ, ಮುಂದಿನ ಸೀಟಿನವರೂ ಎದ್ದರು, ಕಂಡಕ್ಟರ್ ದೂರದಿಂದಲೇ ಕೈ ಚಾಚಿ ಟಿಕೆಟು ಕೊಟ್ಟು ಆರಾಮ ಕುಂದ್ರಿ ಯಜಮಾನ್ರ ಅಂದ, ಮೋಟೆಬೆನ್ನೂರು ದಾಟುವಷ್ಟರಲ್ಲಿ ಮೂರು ಸೀಟಿಗೆ ಅವನೊಬ್ಬನೇ ದೊರೆ, ಈಗ ನೋಡಿದರೆ ಇಡೀ ಕ್ವಾಯರೇ ಅಳುತ್ತಿದೆ, ಟೀಚರ ಕೆನ್ನೆ ಒದ್ದೆ, ಕೀಬೋರ್ಡಿನವನ ಮೂಗು ಕೆಂಪು, ಮರಿಯಳ ಹಾಡಿಗೆ ಇಷ್ಟು ಶಕ್ತಿ ಇದೆಯೇ, ಅವನಿಗೂ ಎದೆ ತುಂಬಿ ಬಂತು, ತುಂಬಿದ ಎದೆಯಿಂದ ಹೆಂಡತಿಯನ್ನು ಹುಡುಕಿದ, ಎರಡನೇ ಬೆಂಚಿನಲ್ಲಿ ರೆಬೆಕ್ಕವ್ವ, ಮೂಗಿಗೆ ಸೆರಗು, ನೋಡುತ್ತಿರುವುದು ಅವನ ಮುಖವನ್ನಲ್ಲ, ಕೋಟನ್ನು — ಆ ನೋಟ ಅವನಿಗೆ ಗೊತ್ತು, ಮೂವತ್ತು ವರ್ಷ ದಿನಾ ಸಂಜೆ ಹೊಸ್ತಿಲಲ್ಲಿ ಅದೇ ನೋಟ, ಆ ಅರಿವಿ ಹೊರಗ ತೆಗದು ಒಳಗ ಬರ್ರಿ, ನಿಮ್ಮ ಮೂಗು ಸತ್ತೈತಿ, ನಮ್ಮದಿನ್ನೂ ಜೀವಂತ ಐತಿ — ಮೊಳೆ, ಕೆಳಗೆ ಕೆಂಪು ರಾಶಿ, ಮೇಲೆ ಕರಿ ಕೋಟು, ಬೆಳಿಗ್ಗೆಯಿಂದ ಸಂಜೆಯವರೆಗೆ.

ತೆಗೆಯಲೇ, ಒಳಗಿರುವುದು ಚೀಲ ಹೊತ್ತ ಅಂಗಿ, ಅದು ಇನ್ನೂ ಘಾಟು, ಹೊರಗೆ ಹೋಗಲೇ, ಹೋದರೆ ಸಾಲು ಹೋಯಿತು, ಹನ್ನೊಂದು ವರ್ಷವೂ ಹೋಯಿತು, ಅಷ್ಟರಲ್ಲಿ ಮರಿಯಳ ಹಾಡು ಮುಗಿದು ಟೀಚರು ಕಣ್ಣು ಮುಚ್ಚಿಕೊಂಡೇ ಅವನತ್ತ ಬೆರಳು ಮಾಡಿದರು, ಹಾಡಿದ. ಮೂವತ್ತು ವರ್ಷ ಘಾಟು ಕುಡಿದ ಗಂಟಲು, ಇಡೀ ಚರ್ಚಿನಲ್ಲಿ ಕೆಮ್ಮದ ಗಂಟಲು ಅದೊಂದೇ, ಒಡೆಯನೇ ಇನ್ನು ನನ್ನನ್ನು ಕಳಿಸು, ದನಿ ಚಾವಣಿ ಮುಟ್ಟಿತು, ಇಷ್ಟು ಚೆನ್ನಾಗಿ ಅವನು ಎಂದೂ ಹಾಡಿರಲಿಲ್ಲ, ಈಗ ಕ್ವಾಯರ್ ಸೇರಬೇಕು, ಸೇರಲಿಲ್ಲ, ಬರೀ ಕೆಮ್ಮು, ಇನ್ನೊಮ್ಮೆ ಹಾಡಿದ, ಕಳಿಸು, ಮುಂದಿನ ಬೆಂಚಿನ ಮುದುಕಿ ಕಣ್ಣೊರೆಸಿಕೊಂಡು ಮನಸಾರೆ ಆಮೆನ್ ಎಂದಳು, ಪಾದ್ರಿ ಅಯ್ಯನವರು ತಾವೇ ಎದ್ದು ಹೋಗಿ ದೊಡ್ಡ ಬಾಗಿಲು ತೆರೆದು ಹಿಡಿದು ನಿಂತರು, ಅವನನ್ನೇ ನೋಡುತ್ತ, ಮೂರನೇ ಸಲ ಬಾಯಿ ತೆರೆದ, ಹಾಡಿನ ಪದ ಬರಲಿಲ್ಲ, ಕಣ್ಣ ಮುಂದೆ ಬಂದದ್ದು ಮೊಳೆ, ಮೊಳೆಗೆ ಕರಿ ಕೋಟು, ಕೆಳಗೆ ಕೆಂಪು ರಾಶಿ