ಹಿತ್ತಲ ಬಾಗಿಲಿಗೆ ಆನಿಸಿಟ್ಟ ಕಲ್ಲು

"ನಿಧಾನ ಸ್ವಾಮಿ, ನನ್ನ ಕಾಲೂ ಕೆಳಗೇ ಇದೆ!" ಎಂದು ಮೈದುನ ಕೂಗಿದ. ಅವನೂ ಅಣ್ಣ ದುಡಿಯುತ್ತಿದ್ದ ಕಲ್ಲಿನ ಕಾರ್ಖಾನೆಯ ಗರಗಸದ ಮೇಸ್ತ್ರಿಯೂ ಹಿತ್ತಲ ಬಾಗಿಲಿಗೆ ಆನಿಸಿಟ್ಟಿದ್ದ ಕಲ್ಲನ್ನು ಎತ್ತಿ ಹೊಸಿಲು ದಾಟಿಸುತ್ತಿದ್ದರು. ಸತ್ತವನ ಹೆಂಡತಿ ಅಡ್ಡ ನಿಂತಳು.

"ಇಳಿಸಿ ಅದನ್ನ. ಅವರ ಸಮಾಧಿ ಮೇಲೆ ಅದು ಹೋಗಕೂಡದು."

"ಅತ್ತಿಗೆ, ಅಣ್ಣ ಬಾಯಿಬಿಟ್ಟು ಕೇಳಿದ್ದು ಇದೊಂದೇ."

"ಕಂಡವರ ಮನೆ ಕಲ್ಲಿಗೆಲ್ಲ ಮುಖ ಕಾಣೋ ಹಾಗೆ ಪಾಲಿಶ್ ಹಾಕಿದ್ರು. ತಮಗೆ ಮಾತ್ರ ಈ ಬೂದಿ ಬಣ್ಣದ್ದಾ? ನೋಡಿದವರು ನನ್ನನ್ನೇ ಆಡ್ಕೋತಾರೆ. ಕಾರ್ಖಾನೆ ಮಾಲೀಕರು ಕಳಿಸಿದ ಕರಿಕಲ್ಲು ಗಾಡಿಯಲ್ಲಿ ಫಳಫಳ ಅಂತಿದೆ, ಅದೇ ಸಾಕು."

ಇದು ಹೊರಗೆ ಆಡಿದ ಮಾತು. ಒಳಗೆ ಕೊರೆಯುತ್ತಿದ್ದುದೇ ಬೇರೆ. ಅಂಥದ್ದೇನು ಕಂಡಿದ್ದ ಇವನು, ಈ ಕಲ್ಲಿನಲ್ಲಿ? ಹೇಳಬೇಕಾದವನು ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿಬಿಟ್ಟಿದ್ದ. ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

*

ಮದುವೆಯಾದ ಹೊಸತು. ಗಂಡ ಆ ಕಲ್ಲನ್ನು ಸೈಕಲ್ ಮೇಲೆ ಹೇರಿಕೊಂಡು ತಂದಿದ್ದ. ಒಂದು ಮಗ್ಗುಲನ್ನು ಗರಗಸದಲ್ಲಿ ಕೊಯ್ದಾಗಿತ್ತು, ಪಾಲಿಶ್ ಮಾತ್ರ ಹಾಕಿರಲಿಲ್ಲ.

"ಬಾರೇ ಇಲ್ಲಿ! ಭೂಮಿ ಮೇಲೆ ಮರ, ಮೀನು ಏನೂ ಇಲ್ದಾಗ ಕಣ್ಣಿಗೆ ಕಾಣದ ಜೀವಗಳಿದ್ವಂತೆ ಸಮುದ್ರದಲ್ಲಿ. ಲೋಳೆ ಲೋಳೆಯಾಗಿ ಪದರದ ಮೇಲೆ ಪದರ ಕಟ್ಟಿ, ಕೊನೆಗೆ ಇಡೀ ಕಲ್ಲೇ ಆಯ್ತಂತೆ. ಸ್ಟ್ರೊಮ್ಯಾಟೊಲೈಟ್ ಅಂತ ಹೆಸರು. ಕಾರ್ಖಾನೆಗೆ ಬಂದಿದ್ದ ಕಾಲೇಜ್ ಮೇಡಂ ಹೇಳಿದ್ರು. ಬೇಗ ಬಾ, ಬಣ್ಣ ನೋಡು!"

"ಹಾಲು ಉಕ್ತಿದೆ. ನಿಮ್ಮ ಕಲ್ಲೇನು ಓಡಿಹೋಗಲ್ಲ."

ಒಲೆ ಆರಿಸಿ ಬಂದಾಗ ಆತ ಸುಡುಬಿಸಿಲಲ್ಲಿ ನೀರಿನ ಖಾಲಿ ಮಗ್ ಹಿಡಿದು ಕೂತಿದ್ದ. ಎದುರಿಗೆ ಬೂದಿ ಬಣ್ಣದ ಕಲ್ಲು.

"ಇದಕ್ಕಾ ಇಷ್ಟು ಗಲಾಟೆ?" ಎಂದು ಅವಳು ನಕ್ಕಳು. ಆತನೂ ನಕ್ಕ. ಮತ್ತೆಂದೂ ಕರೆಯಲಿಲ್ಲ. ಗಾಳಿಗೆ ಹಿತ್ತಲ ಬಾಗಿಲು ಬಡಿದುಕೊಳ್ಳುತ್ತಿತ್ತು, ಕಲ್ಲು ಅಲ್ಲಿಗೆ ಹೋಯಿತು.

*

"ಅಕ್ಕಾ, ಒಣಕಲ್ಲು ನೋಡಿ ಏನೂ ಹೇಳೋಕಾಗಲ್ಲ," ಎಂದ ಮೇಸ್ತ್ರಿ, ಸೊಂಟ ಹಿಡಿದುಕೊಂಡು. "ಹೊಸ ಕಲ್ಲು ಬಂದ್ರೆ ನಮ್ಮ ಪಾಲಿಶಣ್ಣ ಏನು ಮಾಡ್ತಿದ್ದ ಗೊತ್ತಾ? ನೆಕ್ಕಿಬಿಡ್ತಿದ್ದ!"

ಸುತ್ತ ಕೂತವರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟರು.

"ಥೂ! ಅದೇ ಬಾಯಲ್ಲಿ ಮನೆಗೆ ಬರ್ತಿದ್ರಾ?" ಎಂದು ಅವಳೂ ನಕ್ಕಳು.

"ಮತ್ತೆ? ಒದ್ದೆಯಾದ್ರೆ ಪಾಲಿಶ್ ಹಾಕಿದ ಹಾಗೆ ಬಣ್ಣ ಏಳತ್ತೆ. ಒಣಗಿದ್ರೆ ಮತ್ತೆ ಬೂದಿ."

ಅವಳ ನಗು ಅರ್ಧಕ್ಕೇ ನಿಂತಿತು. ಆ ಖಾಲಿ ಮಗ್ ನೆನಪಾಯಿತು.

"ನೀರು ತರಲಾ ಅತ್ತಿಗೆ?"

ಅವಳಿಗೆ ಕಾಯುವ ತಾಳ್ಮೆ ಇರಲಿಲ್ಲ. ಕಲ್ಲಿನ ಮುಂದೆ ಮೊಣಕಾಲೂರಿ, ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಕೊಯ್ದ ಮುಖದ ಮೇಲೆ ಒಂದು ಗೆರೆ ಎಳೆದಳು. ಇಟ್ಟಿಗೆಗೆಂಪು ಎದ್ದಿತು. ಅದರ ಕೆಳಗೆ ಹಸಿರು, ಅದರಡಿಗೆ ಬೆಣ್ಣೆಯ ಬಣ್ಣ, ಮತ್ತೆ ಕೆಂಪು. ಎಲ್ಲವೂ ಒಂದರ ಮೇಲೊಂದು ಕವುಚಿಟ್ಟ ಬಟ್ಟಲುಗಳ ಹಾಗೆ ಬಾಗಿದ್ದವು.

"ಅಯ್ಯೋ, ಇದನ್ನಾ ತೋರಿಸೋಕೆ ಕರೆದಿದ್ದು!" ಎಂದಳು. ಆಗ ಅಳು ಬಂತು.

ಹೊರಗೆ ಗಾಡಿಯವನು ಹಾರ್ನ್ ಹೊಡೆದ.

"ಆ ಕರಿಕಲ್ಲು ಗಾಡಿಯಿಂದ ಇಳಿಸೋಕೆ ಹೇಳಿ, ಇದೇ ಹೋಗ್ಲಿ," ಎಂದಳು, ತಲೆಯೆತ್ತದೆ. ಎಳೆದ ಗೆರೆ ಆಗಲೇ ಅಂಚಿನಿಂದ ಒಣಗಿ ಬೂದಿಯಾಗುತ್ತಿತ್ತು. ಹೆಬ್ಬೆರಳು ಸಾಲದಾಯಿತು. ಅವಳು ಸೆರಗನ್ನು ಹಿಂದಕ್ಕೆ ಸರಿಸಿ, ಬಗ್ಗಿ, ಎಲ್ಲರೆದುರಿಗೆ ಕಲ್ಲಿಗೆ ನಾಲಿಗೆ ಇಟ್ಟಳು.