ಇಂದುವಿನ ಕೋಟು

ಇಂದು ಎಂಬಾಕೆ ಬಿಟ್ಟುಹೋದ ಬಿಳಿ ಕೋಟು ನನಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಇದೂ ಒಂದು ಚಿಂತೆಯೇ ಎಂದು ನಕ್ಕಾರೆಂದು, ಡೈರಿಯಲ್ಲಿ ಬಿಟ್ಟು ಇನ್ನೆಲ್ಲೂ ಹೇಳಿಲ್ಲ. ಭುಜ, ತೋಳು, ಜೇಬಿಗೆ ಕೈ ಇಳಿಯುವ ಆಳ ಕೂಡ ನನ್ನದೇ. ಎದೆಯ ಮೇಲೆ ನೀಲಿ ದಾರದಲ್ಲಿ ಅವಳ ಹೆಸರಿದೆ. ಬಿಚ್ಚಿಹಾಕಲು ಕತ್ತರಿ ಹಿಡಿದು ಕೂತವಳು, ಯಾಕೋ ಮನಸ್ಸು ಬಾರದೆ ಹಾಗೇ ಬಿಟ್ಟೆ. ಈಗ ಲ್ಯಾಬಿನಲ್ಲಿ ಮಹತಿ ಎಂದು ನನ್ನ ಹೆಸರು ಕರೆದರೆ ಓಗೊಡಲು ತಡವಾಗುತ್ತದೆ. ಯಾರಾದರೂ ಬಾಯ್ತಪ್ಪಿ ಇಂದು ಎಂದರೆ ತಕ್ಷಣ ತಿರುಗುತ್ತೇನೆ.

ನಾನು ಪಿಎಚ್‌ಡಿಗೆಂದು ಮೆಲ್ಬರ್ನಿಗೆ ಬಂದದ್ದು ತೊಂಬತ್ತೆರಡರಲ್ಲಿ. ಗೈಡ್ ಡಾಕ್ಟರ್ ಚಂದ್ರಮೋಹನ್, ಮೈಸೂರಿನವರು. “ನಮ್ಮವರೇ ಇದ್ದಾರಲ್ಲ” ಎಂಬ ಒಂದೇ ಮಾತಿನ ಮೇಲೆ ಅಪ್ಪ ನನ್ನನ್ನು ವಿಮಾನ ಹತ್ತಿಸಿದ್ದರು. ನಾನು ಬರುವ ಮೊದಲೇ, ಅವರ ಹಿಂದಿನ ವಿದ್ಯಾರ್ಥಿನಿ ಇಂದು ಸಿಡ್ನಿಗೆ ಹೋಗಿಯಾಗಿತ್ತು. ಅವಳ ಮೇಜು, ಅವಳ ಕೋಟು, ಕೋಬರ್ಗಿನ ಜಯಲಕ್ಷ್ಮಿ ಆಂಟಿಯ ಮನೆಯಲ್ಲಿ ಅವಳು ಬಾಡಿಗೆಗಿದ್ದ ಕೋಣೆ, ಎಲ್ಲ ನನಗೆ ಬಂತು.

“ಅವಳಿಗೇನಮ್ಮ, ಲಕ್ಕಿ. ಸಾರ್ ಒಂದು ಫೋನ್ ಮಾಡಿ ಸಿಡ್ನೀಲಿ ಸೀಟ್ ಕೊಡಿಸಿಬಿಟ್ರು” ಎಂದಿದ್ದರು ಆಂಟಿ.

ನಮ್ಮ ಡಾರ್ಕ್ ರೂಮಿಗೆ ಎಲ್ಲ ಕಡೆ ಇರುವಂಥ ಬಾಗಿಲಿಲ್ಲ. ಕಪ್ಪು ಪೀಪಾಯಿಯಂಥ ಒಂದು ಗೂಡು. ಅದರೊಳಗೆ ನಿಂತು ತಿರುಗಿಸಿದರೆ, ಬೆಳಕು ನುಸುಳದಂತೆ ನಮ್ಮನ್ನು ಆ ಕಡೆ ಬಿಡುತ್ತದೆ. ಅಲ್ಲಿ ಒಬ್ಬರಿಗಷ್ಟೇ ಜಾಗ. ಒಂದು ದಿನ ಚಂದ್ರಮೋಹನ್ ನನ್ನ ಹಿಂದೆಯೇ ಹೊಕ್ಕರು. ತಿರುಗಿಸುವುದನ್ನು ಅರ್ಧಕ್ಕೆ ನಿಲ್ಲಿಸಿದರು. ಆ ಕಡೆಯೂ ಗೋಡೆ, ಈ ಕಡೆಯೂ ಗೋಡೆ. ಅವರ ಕೈ ಕೋಟಿನ ಒಳಗಿತ್ತು, ಬಾಯಿ ಪ್ರಯೋಗದ ಮಾತಾಡುತ್ತಲೇ ಇತ್ತು. ಫಿಲ್ಮ್ ತೊಳೆಯುವ ದ್ರಾವಣದ ಹುಳಿ ವಾಸನೆ ಈಗ ಅನ್ನದ ತಟ್ಟೆಯಿಂದಲೂ ಏಳುತ್ತದೆ.

ಮತ್ತೊಮ್ಮೆಯೂ ಹಾಗೇ ಆದಾಗ ಯೂನಿವರ್ಸಿಟಿಯ ದೂರು ವಿಭಾಗಕ್ಕೆ ಹೋದೆ. ಹೆಲೆನ್ ಎಂಬಾಕೆ ಟೀ ಕೊಟ್ಟಳು, ಟಿಶ್ಯೂ ಡಬ್ಬಿ ಹತ್ತಿರ ಸರಿಸಿದಳು. ನನ್ನನ್ನು ನಂಬಿದಳು ಕೂಡ. ಅದೇ ಹೆದರಿಕೆ ಹುಟ್ಟಿಸಿತು. ಇಷ್ಟು ಬೇಗ ನಂಬಬೇಕಾದರೆ ಈ ಕಥೆಯನ್ನು ಮೊದಲೇ ಕೇಳಿರಬೇಕು. ವಿಚಾರಣೆ ಬೇಕೆಂದರೆ ಚಂದ್ರಮೋಹನ್ ಎದುರೇ ಕೂತು ಎಲ್ಲ ಹೇಳಬೇಕಾಗುತ್ತದೆ, ನಿಮ್ಮ ಜನ ಇಲ್ಲಿ ಕಡಿಮೆ, ಮಾತು ಬೇಗ ಹರಡುತ್ತದೆ, ಯೋಚಿಸು ಎಂದಳು. ಅದರ ಬದಲು ರಾಜಿಯಾದರೆ ಸಿಡ್ನಿಯ ಒಂದು ಲ್ಯಾಬಿನಲ್ಲಿ ಜಾಗ. ಸ್ಕಾಲರ್‌ಶಿಪ್ಪೂ ಜೊತೆಗೇ ಬರುತ್ತದೆ. ವಿಷಯ ಮಾತ್ರ ಹೊರಗೆ ಹೋಗಬಾರದು. ಹೋದರೆ ಆ ಜಾಗ ಉಳಿಯುತ್ತದೆಂದು ತಾನು ಹೇಳಲಾರೆ ಎಂದಳು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಸುಲಭ.

ಆಂಟಿಯಿಂದ ನಂಬರ್ ಇಸಿದುಕೊಂಡು, ಒಮ್ಮೆಯೂ ನೋಡದ ಇಂದುವಿಗೆ ಫೋನ್ ಮಾಡಿದೆ. ನಾನು ಯಾರೆಂದು ಹೇಳಿ, ಮುಂದೇನೂ ತೋಚದೆ, ಥೀಸಿಸ್ ಮುಗೀತಾ ಎಂದು ಕೇಳಿದೆ.

“ಅಯ್ಯೋ, ಯಾವ ಥೀಸಿಸ್ಸೇ? ಇಲ್ಲೇ ಸಿಡ್ನಿ ಪ್ಯಾರಮಟ್ಟಾದಲ್ಲಿ ಟ್ರಾವೆಲ್ ಏಜೆನ್ಸೀಲಿ ಕೂತು ಟಿಕೆಟ್ ಬುಕ್ ಮಾಡ್ತೀನಿ. ಆಂಟಿಗೆ ಹೇಳ್ಬೇಡ ಮತ್ತೆ. ಪಾಪ, ದೀಪಾವಳಿಗೆ ‘ಡಾಕ್ಟರ್ ಇಂದು’ ಅಂತ ಕಾರ್ಡ್ ಕಳಿಸ್ತಾರೆ.” ನಕ್ಕಳು. ಆಮೇಲೆ ದನಿ ತಗ್ಗಿತು. “ಆ ಬಾಗಿಲು ತಿರುಗೋವಾಗ ಈಗ್ಲೂ ಉಸ್ ಅನ್ನತ್ತಾ?”

ನಾನು ಫೋನ್ ಇಡಲಿಲ್ಲ. ಅವಳೂ ಇಡಲಿಲ್ಲ. ಉಸಿರು ಕೇಳುತ್ತಿತ್ತು, ಅವಳದೋ ನನ್ನದೋ ತಿಳಿಯಲಿಲ್ಲ.

ಭಾನುವಾರ ಮಧ್ಯಾಹ್ನ ಆಂಟಿ ನನ್ನನ್ನು ಕಳಿಸಿಕೊಡುವ ಊಟ ಇಟ್ಟುಕೊಂಡರು. ಕನ್ನಡ ಸಂಘದ ನಾಲ್ಕಾರು ಮನೆಯವರು ಬಂದರು. ಚಂದ್ರಮೋಹನ್ ಕೂಡ ಬಂದರು, ಸ್ವೀಟ್ ಡಬ್ಬಿ ಹಿಡಿದು.

“ಏನ್ ಸಾರ್, ನಿಮ್ಮ ಹುಡುಗೀರೆಲ್ಲ ಸಿಡ್ನಿ ಪಾಲೇ ಆಗ್ತಾರಲ್ಲ?” ಎಂದು ಆಂಟಿಯ ಗಂಡ ಸತ್ಯನಾರಾಯಣ ಅಂಕಲ್ ತಮಾಷೆ ಮಾಡಿದರು.

“ನಮ್ಮ ಮಕ್ಕಳಿಗೆ ನಾವಲ್ದೆ ಇನ್ಯಾರು ಮಾಡ್ತಾರೆ, ರಾಯರೇ?” ಎಂದರು ಚಂದ್ರಮೋಹನ್, ಬಿಸಿಬೇಳೆಬಾತಿಗೆ ಬೂಂದಿ ಉದುರಿಸಿಕೊಳ್ಳುತ್ತ. “ಮುಂದಿನ ತಿಂಗಳು ಇನ್ನೊಂದು ಹುಡುಗಿ ಬರ್ತಿದೆ, ಹಾಸನದ್ದು. ಬಹಳ ಸೈಲೆಂಟಂತೆ. ಜಯಲಕ್ಷ್ಮಿಯವರೇ, ರೂಮ್ ಬೇರೆಯವರಿಗೆ ಕೊಟ್ಟುಬಿಡ್ಬೇಡಿ.”

“ಅಯ್ಯೋ, ಕೊಡ್ತೀನಾ ಸಾರ್? ಕೋಟೂ ಒಗೆದು ಹಾಕಿದೀನಿ.”

ಕಿಟಕಿಯಾಚೆ, ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ, ಕೊಡೆಯಂತೆ ತಂತಿ ಬಿಚ್ಚಿಕೊಂಡ ಕಂಬ ಗಾಳಿಗೆ ನಿಧಾನ ತಿರುಗುತ್ತಿತ್ತು. ಕೋಟಿನೊಳಗೆ ಗಾಳಿ ಹೊಕ್ಕು, ಯಾರೋ ತೊಟ್ಟುಕೊಂಡ ಹಾಗೆ ಎದೆ ಉಬ್ಬಿತು, ತೋಳು ಎದ್ದವು. ತಿರುಗಿ ಮರೆಯಾಯಿತು. ಮತ್ತೆ ಬಂತು.

ಊಟವಾದ ಮೇಲೆ ಆಂಟಿ ನನ್ನನ್ನು ದೇವರ ಗೂಡಿನ ಮುಂದೆ ನಿಲ್ಲಿಸಿ ಕುಂಕುಮವಿಟ್ಟರು. ರವಿಕೆ ಕಣದ ಮೇಲೆ ತೆಂಗಿನಕಾಯಿ, ಎಲೆ ಅಡಿಕೆ ಇಟ್ಟುಕೊಂಡು, “ಎಲ್ಲಿ, ದುಪಟ್ಟಾ ಒಡ್ಡು” ಎಂದರು. “ಇಂದೂನೂ ಇಲ್ಲೇ ನಿಂತಿದ್ಲು. ಒಂದ್ ಮಾತೂ ಆಡ್ದೆ ಇಸ್ಕೊಂಡು ಹೋದ್ಲು. ಒಳ್ಳೇ ಹುಡುಗಿ.”

ದುಪಟ್ಟಾದ ಅಂಚು ನನ್ನ ಕೈಯಲ್ಲೇ ಇತ್ತು. ಕೈ ಏಳಲಿಲ್ಲ. ಉಸ್ ಎಂದು ಎಲ್ಲೋ ತಿರುಗಿದ ಸದ್ದು, ಆ ಹುಳಿ ವಾಸನೆ.

“ಯಾಕೇ? ನಾಚ್ಕೋತಾಳೆ ನೋಡಿ!” ಎಂದರು ಆಂಟಿ. ಎಲ್ಲರೂ ನಕ್ಕರು. ಚಂದ್ರಮೋಹನ್ ಕೂಡ.

ಹಾಸನದ ಹುಡುಗಿಗೂ ಆ ಕೋಟು ಸರಿಯಾಗಿಯೇ ಕೂರುತ್ತದೆ ಎನ್ನಿಸಿತು. ಬಾಯಿ ಬಿಟ್ಟರೆ ಸಿಡ್ನಿಯ ಜಾಗ ಹೋಗುತ್ತದೆ ಎಂದೂ ಅನ್ನಿಸಿತು. ದನಿ ಬಂದಾಗ ಅದು ನನ್ನದೇ ಆಗಿತ್ತು.

“ಆಂಟಿ, ಆ ಕತ್ತಲೆ ಗೂಡಲ್ಲಿ ಇವರು ನನ್ನ ಮೈ ಮುಟ್ಟಿದ್ರು. ಅದಕ್ಕೇ ನನ್ನನ್ನ ಸಿಡ್ನಿಗೆ ಕಳಿಸ್ತಿದಾರೆ.”